ಮಗುವಿಗೆ ‘ಲೋ’ ಆದಾಗ ಗುರುತಿಸಬೇಕಾದವರು

ಟೈಪ್ 1 ಮಧುಮೇಹವಿರುವ ಮಗುವಿನ ರಕ್ತದಲ್ಲಿ ಸಕ್ಕರೆ ಇಳಿದಾಗ, ಇಳಿದಿದೆ ಎಂದು ಅರಿಯಬೇಕಾದ ಮೆದುಳೇ ಮಂಕಾಗುತ್ತದೆ. ದೊಡ್ಡವರಾದರೆ ‘ಯಾಕೋ ಕೈ ನಡುಗ್ತಿದೆ, ಶುಗರ್ ಲೋ ಆಗಿರಬೇಕು’ ಎಂದುಕೊಂಡು ತಾವೇ ಸಕ್ಕರೆ ಡಬ್ಬಿಗೆ ಕೈ ಹಾಕುತ್ತಾರೆ. ನಾಲ್ಕು ವರ್ಷದ ಮಗುವಿಗೆ ಅದನ್ನು ಹೇಳಲು ಮಾತು ಸಾಲದು. ಎಂಟು ವರ್ಷದ್ದು ಆಟ ಬಿಟ್ಟು ಬರಲು ಒಪ್ಪದು. ಹದಿನಾಲ್ಕರ ಹುಡುಗಿ ಗೆಳತಿಯರ ಎದುರು ಹೇಳಿಕೊಳ್ಳಲು ಹಿಂಜರಿಯುತ್ತಾಳೆ. ಹಾಗಾಗಿ ಮಕ್ಕಳ ‘ಲೋ’ವನ್ನು ಕಂಡುಹಿಡಿಯುವ ಹೊಣೆ ಬಹುಮಟ್ಟಿಗೆ ಸುತ್ತಲಿನವರ ಮೇಲೆ ಬೀಳುತ್ತದೆ. ಈ ವಿಷಯದಲ್ಲಿ ವೈದ್ಯಕೀಯ ತಿಳಿವಳಿಕೆ ಇವತ್ತು ಎಲ್ಲಿಗೆ ಬಂದಿದೆ, ಅದರಲ್ಲಿ ಎಷ್ಟು ನಮ್ಮ ಮನೆ ಮತ್ತು ಶಾಲೆಗಳನ್ನು ಮುಟ್ಟಿದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಸುತ್ತಲಿನವರು ಯಾರು ಎಂಬ ಪ್ರಶ್ನೆಗೆ ಕೋಲಾರ ಜಿಲ್ಲೆಯ ಕೆಜಿಎಫ್ ಮತ್ತು ಬಂಗಾರಪೇಟೆಯಲ್ಲಿ ವಿಶೇಷ ಮಹತ್ವವಿದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮನೆಗಳ ದುಡಿಮೆ ಬೆಂಗಳೂರಿಗೆ ಹೋಯಿತು. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಜಂಕ್ಷನ್ ಮೂಲಕ ಸಾಗುವ ಬೆಳಗಿನ ರೈಲುಗಳಲ್ಲಿ ಸಾವಿರಾರು ಜನ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಮಗುವಿಗೆ ಬೆಳಗಿನ ಇನ್ಸುಲಿನ್ ಚುಚ್ಚಿ ಅಪ್ಪ ಅಮ್ಮ ರೈಲು ಹತ್ತಿದರೆ, ಆ ಇನ್ಸುಲಿನ್ ಜೋರಾಗಿ ಕೆಲಸ ಮಾಡುವ ಹೊತ್ತಿಗೆ ಅವರು ಎಪ್ಪತ್ತು–ನೂರು ಕಿಲೋಮೀಟರ್ ದೂರದಲ್ಲಿರುತ್ತಾರೆ. ಮಗುವಿನ ಹತ್ತಿರ ಇರುವವರು ಅಜ್ಜಿ, ಪಕ್ಕದ ಮನೆಯವರು, ಶಾಲೆಯ ಮೇಷ್ಟ್ರು, ಬಿಸಿಯೂಟದ ಅಡುಗೆಯವರು, ಒಂದೇ ಬೆಂಚಿನಲ್ಲಿ ಕೂರುವ ಗೆಳೆಯ. ತಂದೆತಾಯಿಗೆ ಮಾತ್ರ ತರಬೇತಿ ಕೊಟ್ಟು ಕಳಿಸುವ ಪದ್ಧತಿ ಇಂಥ ಊರಿನಲ್ಲಿ ಅರ್ಧ ಕೆಲಸವಷ್ಟೇ.

ಕಾಯಿಲೆಯೂ ಅದರ ಮದ್ದೂ

ಟೈಪ್ 1 ಮಧುಮೇಹ ಸಿಹಿ ತಿಂದು ಬರುವ ಕಾಯಿಲೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಅಲ್ಲಿಂದ ಮುಂದೆ ಹೊರಗಿನ ಇನ್ಸುಲಿನ್ ಇಲ್ಲದೆ ಮಗು ಬದುಕುವಂತಿಲ್ಲ. 1995ರಿಂದ 2008ರವರೆಗಿನ ಕರ್ನಾಟಕದ ನೋಂದಣಿಯೊಂದರ ಪ್ರಕಾರ ಪ್ರತಿ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು ನಾಲ್ವರಿಗೆ ಈ ಕಾಯಿಲೆ ಹೊಸದಾಗಿ ಬರುತ್ತದೆ. ಸಂಖ್ಯೆ ಸಣ್ಣದಾಗಿ ಕಂಡರೂ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಲ್ಲಿ ಈ ಕಾಯಿಲೆಯಿರುವ ಮಕ್ಕಳು ಮತ್ತು ಹದಿಹರೆಯದವರು ಅತಿ ಹೆಚ್ಚು ಇರುವ ದೇಶ ಭಾರತ: ಸುಮಾರು 2.29 ಲಕ್ಷ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಸಾವೇ ಗತಿಯಾಗಿದ್ದ ಕಾಯಿಲೆಗೆ ಅಂದಿನಿಂದ ಬದುಕಿನ ದಾರಿ ತೆರೆಯಿತು. ಆದರೆ ಅದೇ ಮದ್ದು ಸಕ್ಕರೆಯನ್ನು ಬೇಕಾದ್ದಕ್ಕಿಂತ ಕೆಳಗೂ ಇಳಿಸಬಲ್ಲದು ಎಂಬುದು ಅದನ್ನು ಬಳಸಿದ ಮೊದಲ ವೈದ್ಯರಿಗೇ ಗೊತ್ತಾಗಿತ್ತು. ಆರೋಗ್ಯವಂತರ ದೇಹ ರಕ್ತದ ಸಕ್ಕರೆ ನೋಡಿಕೊಂಡು ಇನ್ಸುಲಿನ್ ಸುರಿಸುವುದನ್ನು ನಿಲ್ಲಿಸುತ್ತದೆ. ಚುಚ್ಚಿದ ಇನ್ಸುಲಿನ್ ಹಾಗೆ ನಿಲ್ಲುವುದಿಲ್ಲ. ಮಗು ಅರ್ಧ ಮುದ್ದೆ ಬಿಟ್ಟು ಎದ್ದರೂ, ವಾಂತಿ ಮಾಡಿಕೊಂಡರೂ, ಎರಡು ಗಂಟೆ ಕಬಡ್ಡಿ ಆಡಿದರೂ ಅದು ತನ್ನ ಕೆಲಸ ಮುಗಿಸಿಯೇ ತೀರುತ್ತದೆ.

ಎಷ್ಟಕ್ಕೆ ಇಳಿದರೆ ‘ಲೋ’? ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಎಚ್ಚೆತ್ತು ಸಕ್ಕರೆ ಕೊಡಬೇಕು. 54ಕ್ಕಿಂತ ಕೆಳಗೆ ಹೋದರೆ ಮೆದುಳಿನ ಕೆಲಸ ಕೆಡುವ ಹಂತ. ಸಂಖ್ಯೆ ಏನೇ ಇರಲಿ, ಮಗುವಿಗೆ ಎಚ್ಚರ ತಪ್ಪಿದರೆ, ಫಿಟ್ಸ್ ಬಂದರೆ, ತಾನಾಗಿ ನುಂಗಲಾರದ ಸ್ಥಿತಿಗೆ ಹೋದರೆ ಅದು ತೀವ್ರ ‘ಲೋ’.

ಲಕ್ಷಣಗಳು ಬರುವ ಬಗೆ

ಪಠ್ಯಪುಸ್ತಕಗಳು ಲಕ್ಷಣಗಳನ್ನು ಎರಡು ಗುಂಪು ಮಾಡುತ್ತವೆ. ಸಕ್ಕರೆ ಇಳಿಯುತ್ತಿದ್ದಂತೆ ದೇಹ ಅಡ್ರಿನಲಿನ್ ಬಿಡುಗಡೆ ಮಾಡುವುದರಿಂದ ಆಗುವುದು ಮೊದಲ ಗುಂಪು: ತಣ್ಣನೆಯ ಬೆವರು, ಕೈ ನಡುಕ, ಎದೆ ಡವಡವ, ಬಿಳಿಚಿದ ಮುಖ, ತಡೆಯಲಾರದ ಹಸಿವು, ಹೊಟ್ಟೆ ಸಂಕಟ. ಮೆದುಳಿಗೆ ಸಕ್ಕರೆ ಸಾಲದೆ ಆಗುವುದು ಎರಡನೆಯದು: ತಲೆನೋವು, ಕಣ್ಣು ಮಂಜು, ತೊದಲು ಮಾತು, ತೂಕಡಿಕೆ, ಗಲಿಬಿಲಿ, ಕೊನೆಗೆ ಫಿಟ್ಸ್ ಮತ್ತು ಪ್ರಜ್ಞೆ ತಪ್ಪುವುದು. ದೊಡ್ಡವರಲ್ಲಿ ಮೊದಲ ಗುಂಪು ಮುಂಚೆ ಬಂದು ಎಚ್ಚರಿಸುತ್ತದೆ, ಎರಡನೆಯದು ಆಮೇಲೆ ಬರುತ್ತದೆ.

ಮಕ್ಕಳಲ್ಲಿ ಈ ಕ್ರಮ ಹೀಗೇ ಇರಬೇಕೆಂದಿಲ್ಲ. 1995ರಲ್ಲಿ ಎಡಿನ್‌ಬರೊದ ಸಂಶೋಧಕರು ಮಧುಮೇಹವಿರುವ ಮಕ್ಕಳ ತಂದೆತಾಯಿಗಳನ್ನು ವಿಚಾರಿಸಿ ಲಕ್ಷಣಗಳನ್ನು ಲೆಕ್ಕಹಾಕಿದಾಗ, ಮಕ್ಕಳಲ್ಲಿ ಈ ಎರಡು ಗುಂಪುಗಳು ಬೇರೆಬೇರೆಯಾಗಿ ನಿಲ್ಲದೆ ಒಂದರೊಳಗೊಂದು ಬೆರೆತಿರುವುದು ಕಂಡಿತು. ಅದಕ್ಕಿಂತ ಮುಖ್ಯವಾಗಿ, ನಡವಳಿಕೆಯ ಬದಲಾವಣೆಯೇ ಒಂದು ಪ್ರತ್ಯೇಕ ಗುಂಪಾಗಿ ಹೊರಬಂತು. ಅಂದರೆ ಮಗುವಿನ ‘ಲೋ’ ಬೆವರು ನಡುಕಗಳಿಗಿಂತ ಮೊದಲು ಹಟ, ರಂಪ, ಅಳು, ಕೋಪ ಅಥವಾ ಇದ್ದಕ್ಕಿದ್ದಂತೆ ಮೌನವಾಗಿ ಕಾಣಬಹುದು. ಮನೆಯಲ್ಲೂ ಶಾಲೆಯಲ್ಲೂ ಹೆಚ್ಚಾಗಿ ಕೈತಪ್ಪುವುದು ಈ ಲಕ್ಷಣವೇ.

ಐದು ವರ್ಷದೊಳಗಿನ ಮಗುವನ್ನು ಗಮನಿಸುವ ಅಜ್ಜಿಗೆ ಸಿಗುವ ಸುಳಿವುಗಳು ಇವು: ಆಡುತ್ತಿದ್ದ ಕೂಸು ಬಂದು ಮಡಿಲಿಗೆ ಒರಗುತ್ತದೆ, ಕಾರಣವಿಲ್ಲದೆ ಕಿರಿಕಿರಿ ಮಾಡುತ್ತದೆ, ಕರೆದರೆ ಓಗೊಡುವುದಿಲ್ಲ, ಕಣ್ಣು ಎಲ್ಲೋ ನೆಟ್ಟಿರುತ್ತದೆ, ತುಟಿಯ ಸುತ್ತ ಬಿಳಿಚಿರುತ್ತದೆ, ಹಣೆ, ಕತ್ತಿನ ಹಿಂಭಾಗ ಮುಟ್ಟಿದರೆ ತಣ್ಣಗೆ ಒದ್ದೆಯಾಗಿರುತ್ತದೆ. ಬಿಸಿಲಿಗೆ ಬೆವರಿದ ಮಗುವಿನ ಮೈ ಬೆಚ್ಚಗಿರುತ್ತದೆ, ಮುಖ ಕೆಂಪೇರಿರುತ್ತದೆ. ‘ಲೋ’ ಆದ ಮಗುವಿನ ಬೆವರು ಸಾಮಾನ್ಯವಾಗಿ ತಣ್ಣಗಿದ್ದು, ಮುಖ ಕಳೆಗುಂದಿರುತ್ತದೆ. ಕೋಲಾರದ ಬೇಸಿಗೆಯಲ್ಲಿ ಈ ವ್ಯತ್ಯಾಸವನ್ನು ಕೈಯಿಂದ ಮುಟ್ಟಿ ನೋಡುವುದು ಉಪಯೋಗಕ್ಕೆ ಬರುತ್ತದೆ. ಅನುಮಾನ ಉಳಿದರೆ ಪರೀಕ್ಷೆ ಮಾಡಲೇಬೇಕು.

ಪ್ರಾಥಮಿಕ ಶಾಲೆಯ ಮಗುವಿನಲ್ಲಿ ನೋಟ್‌ಬುಕ್ಕೇ ಸಾಕ್ಷಿ ಹೇಳುತ್ತದೆ. ಹನ್ನೊಂದೂವರೆಯ ಗಣಿತದ ತರಗತಿ ಎಂದುಕೊಳ್ಳಿ. ಪುಟದ ಮೇಲ್ಭಾಗದಲ್ಲಿ ಅಂಕಿಗಳು ಗೆರೆಯ ಮೇಲೆ ನೇರವಾಗಿ ಕೂತಿವೆ. ಐದನೆಯ ಲೆಕ್ಕಕ್ಕೆ ಬರುವಾಗ ಅಂಕಿಗಳು ದೊಡ್ಡದಾಗಿ, ಗೆರೆಯಿಂದ ಜಾರಿ ಓರೆಯಾಗಿವೆ. ಏಳನೆಯದರಲ್ಲಿ ಮಗು ಒಂದೇ ಅಂಕಿಯನ್ನು ಮತ್ತೆ ಮತ್ತೆ ತಿದ್ದಿದೆ. ಆಮೇಲೆ ಬರೆಯುವುದನ್ನೇ ಬಿಟ್ಟು ಬೆಂಚಿಗೆ ತಲೆ ಆನಿಸಿದೆ. ‘ಗಮನ ಎಲ್ಲಿದೆ ನಿನಗೆ?’ ಎಂದು ಗದರುವ ಮೊದಲು ಮೇಷ್ಟ್ರು ಆ ಪುಟವನ್ನೊಮ್ಮೆ ಮೇಲಿನಿಂದ ಕೆಳಕ್ಕೆ ನೋಡಿದರೆ ಸಕ್ಕರೆ ಇಳಿದ ಹಾದಿ ಅಲ್ಲೇ ಕಾಣುತ್ತದೆ.

ಹದಿಹರೆಯದಲ್ಲಿ ಲಕ್ಷಣ ಗೊತ್ತಾಗುತ್ತದೆ, ಒಪ್ಪಿಕೊಳ್ಳುವುದು ಕಷ್ಟವಾಗುತ್ತದೆ. ‘ನಂಗೇನೂ ಆಗಿಲ್ಲ, ಸುಮ್ನಿರು’ ಎಂಬ ಸಿಡುಕು ಕೆಲವೊಮ್ಮೆ ವಯಸ್ಸಿನದ್ದು, ಕೆಲವೊಮ್ಮೆ ‘ಲೋ’ದ್ದೇ. ಎರಡನ್ನೂ ಬೇರ್ಪಡಿಸಲು ವಾದಕ್ಕಿಂತ ಒಂದು ಹನಿ ರಕ್ತದ ಪರೀಕ್ಷೆ ಮೇಲು.

ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲವೂ ಇವೆ. ಸಂಕಟವಾದಾಗ ಮಗುವಿನ ಬಾಯಿಗೆ ಬರುವುದು ಮನೆಮಾತು. ತರಗತಿಯ ಮೇಷ್ಟ್ರಿಗೆ ಆ ಮಾತು ತಿಳಿಯದೇ ಇರಬಹುದು. ಅದಕ್ಕಾಗಿ ಮಗು ‘ಲೋ’ ಆದಾಗ ಸಾಮಾನ್ಯವಾಗಿ ಏನು ಹೇಳುತ್ತದೆ, ಹೇಗೆ ಕಾಣುತ್ತದೆ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಶಾಲೆಗೆ ಕೊಡುವುದು ಒಳ್ಳೆಯದು. ಒಂದೇ ಮಗುವಿನಲ್ಲಿ ಲಕ್ಷಣಗಳು ಸಾಮಾನ್ಯವಾಗಿ ಮರುಕಳಿಸುತ್ತವೆ. ಒಂದು ತಿಂಗಳು ಬರೆದಿಟ್ಟರೆ ಆ ಮಗುವಿನದೇ ಲಕ್ಷಣಪಟ್ಟಿ ಸಿದ್ಧವಾಗುತ್ತದೆ.

ಬೇರೆ ಏನೋ ಎಂದು ತಪ್ಪು ತಿಳಿಯುವುದು

ಮಗು ಬಾಡಿದಾಗ ‘ದೃಷ್ಟಿ ಆಗಿದೆ’ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಆ ನಂಬಿಕೆಯನ್ನು ಹೀಗಳೆದು ಅಜ್ಜಿಯನ್ನು ದೂರ ಮಾಡಿಕೊಂಡರೆ ಮಗುವಿಗೇ ನಷ್ಟ. ಮೊದಲು ಸಕ್ಕರೆ ಕೊಡಿ, ಆಮೇಲೆ ಬೇಕಾದರೆ ದೃಷ್ಟಿ ತೆಗೆಯಿರಿ ಎಂದು ಹೇಳಿಕೊಟ್ಟರೆ ಆಕೆ ಖಂಡಿತ ಮಾಡುತ್ತಾಳೆ. ಹೆಚ್ಚು ಅಪಾಯದ ತಪ್ಪು ಇನ್ನೊಂದಿದೆ. ಸಕ್ಕರೆ ತೀರಾ ಇಳಿದು ಫಿಟ್ಸ್ ಬಂದಾಗ ಸುತ್ತ ಸೇರಿದವರು ಕೈಗೆ ಬೀಗದ ಕೈ ಕೊಡುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಇವು ಯಾವುದರಿಂದಲೂ ಸಕ್ಕರೆ ಏರುವುದಿಲ್ಲ. ಚಮಚದಿಂದ ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಫಿಟ್ಸ್ ಬಂದರೆ ಮೊದಲು ಶಂಕಿಸಬೇಕಾದದ್ದು ‘ಲೋ’.

ಇದಕ್ಕೆ ತಿರುಗುಮುರುಗಾದ ಗೊಂದಲವೂ ಇದೆ. ‘ಶುಗರ್ ಕಾಯಿಲೆ’ ಎಂದರೆ ಸಕ್ಕರೆ ಹೆಚ್ಚಾಗಿರುವುದು ಎಂದೇ ಜನ ತಿಳಿದಿರುತ್ತಾರೆ. ಮಗು ಸುಸ್ತಾಗಿ ಕುಸಿದಾಗ ‘ಶುಗರ್ ಇರೋ ಮಗು, ಸಿಹಿ ಕೊಡಬೇಡಿ’ ಎಂದು ಹತ್ತು ಜನ ತಡೆಯುತ್ತಾರೆ. ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಗೊತ್ತಾಗದಿದ್ದರೆ, ಗ್ಲುಕೋಮೀಟರ್ ಕೈಯಲ್ಲಿ ಇಲ್ಲದಿದ್ದರೆ, ನುಂಗಬಲ್ಲ ಮಗುವಿಗೆ ಸಕ್ಕರೆ ಕೊಡುವುದೇ ಸರಿ. ಮೊದಲೇ ಹೆಚ್ಚಿದ್ದರೆ ಆ ಒಂದೆರಡು ಚಮಚದಿಂದ ಆಗುವ ಹಾನಿ ಸ್ವಲ್ಪ. ಕಡಿಮೆಯಿದ್ದು ಕೊಡದೇ ಹೋದರೆ ಆಗುವ ಹಾನಿ ದೊಡ್ಡದು.

ಗಡಿಯಾರ ಹೇಳುವ ಸುಳಿವು

‘ಲೋ’ ಯಾವಾಗ ಬೇಕಾದರೂ ಬರಬಹುದು, ಆದರೆ ಅದಕ್ಕೆ ತನ್ನದೇ ಹೊತ್ತುಗಳಿವೆ. ಸರ್ಕಾರಿ ಪೂರೈಕೆಯಲ್ಲೂ ಕಡಿಮೆ ಬೆಲೆಯಲ್ಲೂ ಹೆಚ್ಚಾಗಿ ಸಿಗುವ ರೆಗ್ಯುಲರ್ ಇನ್ಸುಲಿನ್ ಚುಚ್ಚಿದ ಅರ್ಧ ಗಂಟೆಗೆ ಕೆಲಸ ಆರಂಭಿಸಿ ಎರಡರಿಂದ ನಾಲ್ಕು ಗಂಟೆಯ ನಡುವೆ ಉತ್ತುಂಗ ಮುಟ್ಟುತ್ತದೆ. ಹಾಲಿನಂತೆ ಬೆಳ್ಳಗಿರುವ ಎನ್‌ಪಿಎಚ್ ಇನ್ಸುಲಿನ್ ಇನ್ನೂ ನಿಧಾನ. ಚುಚ್ಚಿ ನಾಲ್ಕು ಗಂಟೆಯ ನಂತರ ಏರುತ್ತಾ ಹಲವು ಗಂಟೆ ಜೋರಾಗಿರುತ್ತದೆ. ಬೆಳಗ್ಗೆ ಏಳೂವರೆಗೆ ಇವೆರಡನ್ನೂ ಬೆರೆಸಿ ಚುಚ್ಚಿದರೆ ಹತ್ತೂವರೆಯಿಂದ ಬಿಸಿಯೂಟದ ಗಂಟೆಯವರೆಗಿನ ಅವಧಿ ಸೂಕ್ಷ್ಮವಾದದ್ದು. ಈ ಮಕ್ಕಳಿಗೆ ಬೆಳಗಿನ ಬಿಡುವಿನಲ್ಲಿ ಏನಾದರೂ ತಿನ್ನಲು ಅವಕಾಶ ಬೇಕೇ ಬೇಕು. ಬಿಸಿಯೂಟ ತಡವಾದ ದಿನ ಉಳಿದ ಮಕ್ಕಳಿಗೆ ಹಸಿವಷ್ಟೇ ಆಗುತ್ತದೆ, ಈ ಮಗುವಿಗೆ ಅಪಾಯ.

ಆಟದ ಪರಿಣಾಮ ಎರಡು ಸಲ ಬರುತ್ತದೆ. ಆಡುವಾಗ ಸ್ನಾಯುಗಳು ಸಕ್ಕರೆ ಸೆಳೆಯುತ್ತವೆ. ಆಟ ಮುಗಿದು ಹಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಖಾಲಿಯಾದ ಸಂಗ್ರಹ ತುಂಬಿಕೊಳ್ಳಲು ಮತ್ತೊಮ್ಮೆ ಸೆಳೆಯುತ್ತವೆ. ಶಾಲೆಯ ಕ್ರೀಡಾಕೂಟ, ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿ ಇಡೀ ದಿನ ನಡೆದಾಡಿದ ಪ್ರವಾಸ, ಊರ ಜಾತ್ರೆ: ಇಂಥ ದಿನದ ರಾತ್ರಿ ಮಲಗುವ ಮುನ್ನ ಮತ್ತು ನಡುರಾತ್ರಿ ಎರಡು–ಮೂರು ಗಂಟೆಗೆ ಒಮ್ಮೆ ಪರೀಕ್ಷೆ ಮಾಡಬೇಕು.

ರಾತ್ರಿಯ ‘ಲೋ’ ಎಲ್ಲಕ್ಕಿಂತ ಕಳ್ಳತನದ್ದು. 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಟೈಪ್ 1 ಮಧುಮೇಹವಿರುವ ಹದಿಹರೆಯದವರನ್ನು ಪರೀಕ್ಷಿಸಿ, ನಿದ್ದೆಯಲ್ಲಿ ಸಕ್ಕರೆ ಇಳಿದಾಗ ಅಡ್ರಿನಲಿನ್ ಏರಿಕೆ ಬಹಳ ಕುಗ್ಗಿರುತ್ತದೆ ಎಂದು ತೋರಿಸಿದರು. ಎಬ್ಬಿಸಬೇಕಾದ ಗಂಟೆಯೇ ಬಾರಿಸುವುದಿಲ್ಲ. ಹಾಸಿಗೆ ಬೆವರಿನಿಂದ ಒದ್ದೆಯಾಗಿರುವುದು, ಕೆಟ್ಟ ಕನಸಿಗೆ ಚೀರುವುದು, ಕನವರಿಸುವುದು, ಬೆಳಗ್ಗೆ ತಲೆನೋವು, ಎಬ್ಬಿಸಿದರೂ ಏಳಲಾರದ ಮಂಪರು ಇವು ಹೊರಗೆ ಉಳಿಯುವ ಗುರುತುಗಳು. ಬೆಳಗಿನ ರೈಲಿಗೆ ನಾಲ್ಕಕ್ಕೇ ಏಳುವ ಮನೆಗಳಲ್ಲಿ ಹೊರಡುವ ಮುನ್ನ ಮಗುವಿನ ಕತ್ತಿನ ಹಿಂದೆ ಕೈಯಿಟ್ಟು ನೋಡುವುದು, ಅನುಮಾನವಿದ್ದರೆ ಬೆರಳು ಚುಚ್ಚಿ ಪರೀಕ್ಷಿಸುವುದು ಒಂದು ರೂಢಿಯಾಗಬೇಕು.

ಹಬ್ಬ ಹರಿದಿನಗಳನ್ನೂ ಈ ಗಡಿಯಾರಕ್ಕೆ ಸೇರಿಸಬೇಕು. ಶಿವರಾತ್ರಿಯ ಉಪವಾಸ, ರಂಜಾನ್ ರೋಜಾ, ಲೆಂಟ್ ಕಾಲದ ವ್ರತ ಮೂರೂ ಈ ಊರುಗಳಲ್ಲಿವೆ. ಮನೆಯವರೆಲ್ಲ ಉಪವಾಸವಿದ್ದಾಗ ಮಗುವೂ ಆಸೆಪಡುತ್ತದೆ. ಇನ್ಸುಲಿನ್ ಪಡೆಯುವ ಮಗು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು ಎಂಬುದನ್ನು ಮನೆಯ ಹಿರಿಯರೇ ಪ್ರೀತಿಯಿಂದ ಹೇಳಬೇಕು.

ಸಿರಿಂಜಿನ ಟೋಪಿಯ ಬಣ್ಣ

‘ಲೋ’ ಪದೇಪದೇ ಬರುತ್ತಿದ್ದರೆ ಕಾರಣ ಮಗುವಿನಲ್ಲೇ ಇರಬೇಕೆಂದಿಲ್ಲ, ಸಿರಿಂಜಿನಲ್ಲೂ ಇರಬಹುದು. ಭಾರತದಲ್ಲಿ ಬಾಟಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ: ಮಿಲಿಲೀಟರ್‌ಗೆ 40 ಯೂನಿಟ್ ಮತ್ತು 100 ಯೂನಿಟ್. 40ರ ಬಾಟಲಿಗೆ ಕೆಂಪು ಟೋಪಿಯ ಸಿರಿಂಜ್, 100ರದಕ್ಕೆ ಕಿತ್ತಳೆ ಬಣ್ಣದ ಟೋಪಿಯದು. 100ರ ಬಾಟಲಿಯ ಇನ್ಸುಲಿನ್ ಅನ್ನು ಕೆಂಪು ಟೋಪಿಯ ಸಿರಿಂಜಿಗೆ ಎಳೆದು ‘ಹತ್ತು ಯೂನಿಟ್’ ಎಂದು ಗೆರೆ ನೋಡಿ ಚುಚ್ಚಿದರೆ ಮಗುವಿನ ಮೈಗೆ ಹೋಗುವುದು ಇಪ್ಪತ್ತೈದು ಯೂನಿಟ್. ಆಸ್ಪತ್ರೆಯಲ್ಲಿ ಕೊಟ್ಟದ್ದು ಒಂದು ಬಗೆ, ಊರಿನ ಮೆಡಿಕಲ್ ಸ್ಟೋರ್‌ನಲ್ಲಿ ಸಿಕ್ಕಿದ್ದು ಇನ್ನೊಂದು ಬಗೆ ಆಗುವ ಸಂಭವ ಇದ್ದೇ ಇದೆ. ಪ್ರತಿ ಹೊಸ ಬಾಟಲಿ ತೆರೆಯುವಾಗ ಅದರ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಅಜ್ಜಿಗೆ ಓದು ಬಾರದಿದ್ದರೆ ಟೋಪಿಯ ಬಣ್ಣ ಕಲಿಸಿಕೊಡಬೇಕು.

ಯಂತ್ರ ಹೇಳುವುದನ್ನು ಎಷ್ಟು ನಂಬಬಹುದು

ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಇಂದಿಗೂ ಬಹುಪಾಲು ಮನೆಗಳ ಆಧಾರ. ಸ್ಟ್ರಿಪ್‌ನ ಖರ್ಚೇ ಅಲ್ಲಿನ ದೊಡ್ಡ ತೊಡಕು. ದಿನಕ್ಕೆ ನಾಲ್ಕು ಸಲವಾದರೂ ನೋಡಬೇಕಾದ ಕಡೆ ಎಷ್ಟೋ ಮನೆಗಳಲ್ಲಿ ಎರಡು ದಿನಕ್ಕೊಮ್ಮೆ ನೋಡುತ್ತಾರೆ. ಯಂತ್ರದ ಇತಿಮಿತಿಯೂ ತಿಳಿದಿರಬೇಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ಕ್ಕಿಂತ ಕಡಿಮೆ ಇರುವಾಗ ಮೀಟರ್ 15ರಷ್ಟು ಅತ್ತಿತ್ತ ತೋರಿಸಬಹುದು. ಪರದೆಯ ಮೇಲಿನ 75 ನಿಜದಲ್ಲಿ 60 ಇರಬಹುದು. ಲಕ್ಷಣ ಇದ್ದು ಸಂಖ್ಯೆ ಗಡಿಯಲ್ಲಿದ್ದರೆ ಲಕ್ಷಣವನ್ನೇ ನಂಬಿ.

ಕೋಲಾರ ಜಿಲ್ಲೆಗೆ ಹೇಳಿಮಾಡಿಸಿದ ಎಚ್ಚರಿಕೆಯೊಂದಿದೆ. ಶ್ರೀನಿವಾಸಪುರದ ಮಾವು ಮನೆಮನೆಗೆ ಬರುವ ತಿಂಗಳುಗಳಲ್ಲಿ ಮಗುವಿನ ಬೆರಳಿಗೆ ರಸ ಮೆತ್ತಿರುತ್ತದೆ. ತೊಳೆಯದೆ ಚುಚ್ಚಿದರೆ ಹನಿ ರಕ್ತದೊಂದಿಗೆ ಆ ಸಕ್ಕರೆಯೂ ಸ್ಟ್ರಿಪ್ ಸೇರಿ ಮೀಟರ್ 200 ದಾಟಿ ತೋರಿಸಬಹುದು. ಒಳಗೆ ಮಗು ‘ಲೋ’ ಆಗಿದ್ದರೂ. ಗ್ಲೂಕೋಸ್ ಪುಡಿ ಮುಟ್ಟಿದ ಬೆರಳೂ ಹೀಗೇ ಮೋಸ ಮಾಡುತ್ತದೆ. ಸೋಪು ನೀರಿನಲ್ಲಿ ಕೈ ತೊಳೆದು, ಒರೆಸಿ, ಆಮೇಲೆ ಚುಚ್ಚಬೇಕು.

ತೋಳಿಗೆ ಅಂಟಿಸಿದರೆ ದಿನವಿಡೀ ಸಕ್ಕರೆ ತೋರಿಸುವ ಸೆನ್ಸರ್‌ಗಳು ಬಂದಿರುವುದು ದೊಡ್ಡ ಮುನ್ನಡೆ. ಕೆಲವು ಬಗೆಯ ಸೆನ್ಸರ್‌ಗಳು ಸಕ್ಕರೆ ಇಳಿಯುವ ಮುನ್ನವೇ ಸದ್ದು ಮಾಡುತ್ತವೆ, ಬೆಂಗಳೂರಿನಲ್ಲಿರುವ ಅಮ್ಮನ ಫೋನಿಗೂ ಸುದ್ದಿ ಮುಟ್ಟಿಸುತ್ತವೆ. ಆದರೆ ಅವು ಅಳೆಯುವುದು ಚರ್ಮದಡಿಯ ದ್ರವದ ಸಕ್ಕರೆಯನ್ನು. ರಕ್ತದ್ದಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದಿರುತ್ತವೆ. ವೇಗವಾಗಿ ಇಳಿಯುವಾಗ ಆ ಅಂತರ ಸಣ್ಣದಲ್ಲ. ಎರಡು ವಾರಕ್ಕೊಂದು ಸೆನ್ಸರ್ ಕೊಳ್ಳುವುದು ದಿನಗೂಲಿಯ ಮನೆಗೆ ಆಗದ ಮಾತು. ಇದ್ದವರಿಗೂ ಒಂದು ಮಿತಿ ಉಳಿಯುತ್ತದೆ: ಅಮ್ಮನ ಫೋನು ಬೆಂಗಳೂರಿನಲ್ಲಿ ಸದ್ದು ಮಾಡಿದರೂ ಸಕ್ಕರೆ ಕೊಡುವ ಕೈ ಊರಿನಲ್ಲೇ ಇರಬೇಕು.

ಗುರುತಿಸಿದ ಮೇಲೆ

ನುಂಗಬಲ್ಲ ಮಗುವಿಗೆ ತಡಮಾಡದೆ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಕೊಡಬೇಕು. ಮಗುವಿನ ತೂಕದ ಪ್ರತಿ ಕಿಲೋಗೆ 0.3 ಗ್ರಾಂ ಎಂಬುದು ಲೆಕ್ಕ. ಹದಿನೈದು ಕಿಲೋ ಮಗುವಿಗೆ ಸುಮಾರು ಒಂದು ಟೀ ಚಮಚ, ಮೂವತ್ತು ಕಿಲೋ ಮಗುವಿಗೆ ಎರಡು, ಐವತ್ತು ಕಿಲೋಗೆ ಮೂರು; ನೀರಿನಲ್ಲಿ ಕಲಸಿ ಕುಡಿಸಬಹುದು. ಚಾಕೊಲೇಟ್, ಬಿಸ್ಕತ್ತು, ಹಾಲು ಈ ಹೊತ್ತಿಗೆ ಒದಗುವುದಿಲ್ಲ. ಅವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನಿಸುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಅಷ್ಟೇ ಮತ್ತೊಮ್ಮೆ ಕೊಡಬೇಕು. ಏರಿದ ಮೇಲೆ ಊಟದ ಹೊತ್ತು ದೂರವಿದ್ದರೆ ಬಿಸ್ಕತ್ತು, ಬಾಳೆಹಣ್ಣು, ಹಾಲು ಕೊಡಲು ಆಗ ಸರಿಯಾದ ಸಮಯ. ಅಷ್ಟು ಹೊತ್ತು ಮಗುವನ್ನು ಒಂಟಿಯಾಗಿ ಬಿಡಬಾರದು. ‘ಸ್ಟಾಫ್ ರೂಮಿಗೆ ಹೋಗಿ ಸಕ್ಕರೆ ತಗೊಂಡು ಬಾ’ ಎಂದು ಕಳಿಸಿದರೆ ದಾರಿಯಲ್ಲೇ ಬೀಳಬಹುದು. ಸಕ್ಕರೆಯೇ ಮಗುವಿದ್ದಲ್ಲಿಗೆ ಬರಬೇಕು.

ಪ್ರಜ್ಞೆ ತಪ್ಪಿದ ಅಥವಾ ಫಿಟ್ಸ್ ಬಂದ ಮಗುವಿನ ಬಾಯಿಗೆ ನೀರು, ಜ್ಯೂಸ್ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ, ‘ಇನ್ಸುಲಿನ್ ತಗೊಳ್ಳೋ ಮಗು, ಶುಗರ್ ಲೋ ಆಗಿದೆ’ ಎಂದು ಸ್ಪಷ್ಟವಾಗಿ ಹೇಳಬೇಕು. ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಚುಚ್ಚುಮದ್ದು ಇದ್ದರೆ 25 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಅರ್ಧ ಮಿಲಿಗ್ರಾಂ, ಹೆಚ್ಚಿನವರಿಗೆ ಒಂದು ಮಿಲಿಗ್ರಾಂ. ಆದರೆ ಈ ಔಷಧಿ ಸಣ್ಣ ಊರುಗಳ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಅದಿಲ್ಲದ ಕಡೆ ಮಗ್ಗುಲಾಗಿ ಮಲಗಿಸಿದ ಮಗುವಿನ ಕೆನ್ನೆಯ ಒಳಬದಿಗೆ ಜೇನುತುಪ್ಪವನ್ನೋ ಗಟ್ಟಿಯಾಗಿ ಕಲಸಿದ ಗ್ಲೂಕೋಸನ್ನೋ ತೆಳ್ಳಗೆ ಸವರಬಹುದು. ಆಸ್ಪತ್ರೆ ಮುಟ್ಟುವವರೆಗಿನ ಪ್ರಯತ್ನ ಅದು, ರಕ್ತನಾಳಕ್ಕೆ ಕೊಡುವ ಡೆಕ್ಸ್‌ಟ್ರೋಸ್‌ಗೆ ಬದಲಿಯಲ್ಲ.

ಭಯದ ಇನ್ನೊಂದು ತುದಿ

‘ಲೋ’ ಕಂಡ ತಂದೆತಾಯಿಗೆ ಅದು ಮರೆಯುವಂಥದ್ದಲ್ಲ. ಮತ್ತೊಮ್ಮೆ ಹಾಗಾಗಬಾರದೆಂದು ಇನ್ಸುಲಿನ್ ಕಡಿಮೆ ಮಾಡಿ ಸಕ್ಕರೆಯನ್ನು 250, 300ರಲ್ಲೇ ಇಡುವ ಮನೆಗಳಿವೆ. ಈ ಭಯಕ್ಕೆ ಆಧಾರವೂ ಇದೆ. 1993ರಲ್ಲಿ ಪ್ರಕಟವಾದ, ಡಿಸಿಸಿಟಿ ಎಂದು ಹೆಸರಾದ ಅಮೆರಿಕ–ಕೆನಡಾದ ದೊಡ್ಡ ಅಧ್ಯಯನ, ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳ ತಗ್ಗುತ್ತದೆ ಎಂದು ಸಾಧಿಸಿತು. ಜೊತೆಗೆ ತೀವ್ರ ‘ಲೋ’ ಸುಮಾರು ಮೂರು ಪಟ್ಟು ಹೆಚ್ಚಾಯಿತೆಂದೂ ದಾಖಲಿಸಿತು. ಅದರಲ್ಲಿ ಪಾಲ್ಗೊಂಡವರು 13ರಿಂದ 39 ವರ್ಷದವರು. ಸುಮಾರು ಹದಿನೆಂಟು ವರ್ಷ ಅವರನ್ನು ಹಿಂಬಾಲಿಸಿ 2007ರಲ್ಲಿ ಪ್ರಕಟಿಸಿದ ವರದಿ, ತೀವ್ರ ‘ಲೋ’ ಅನುಭವಿಸಿದವರ ಬುದ್ಧಿಶಕ್ತಿ ಅದರಿಂದ ಕುಗ್ಗಲಿಲ್ಲ ಎಂದು ಸಮಾಧಾನ ಹೇಳಿತು. ತೀರಾ ಚಿಕ್ಕ ಮಕ್ಕಳ ಬೆಳೆಯುವ ಮೆದುಳಿನ ವಿಷಯದಲ್ಲಿ ತಜ್ಞರು ಹೆಚ್ಚು ಎಚ್ಚರ ವಹಿಸುತ್ತಾರೆ. ಅಲ್ಲಿ ಪದೇಪದೇ ಬರುವ ತೀವ್ರ ‘ಲೋ’ ಮಾತ್ರವಲ್ಲ, ಸದಾ ಏರಿದ ಸಕ್ಕರೆಯೂ ಹಾನಿಕರ. ಹೊಸ ಇನ್ಸುಲಿನ್, ಸೆನ್ಸರ್, ಒಳ್ಳೆಯ ತರಬೇತಿ ಸಿಕ್ಕ ದೇಶಗಳಲ್ಲಿ ಈಗ ಸಕ್ಕರೆ ಹತೋಟಿಗೆ ಬಂದರೂ ತೀವ್ರ ‘ಲೋ’ ಹೆಚ್ಚುತ್ತಿಲ್ಲ. ಬೇಗ ಗುರುತಿಸುವುದು ಸಾಧ್ಯವಾದರೆ ಸಕ್ಕರೆಯನ್ನು ಮೇಲೆ ಇಟ್ಟುಕೊಳ್ಳುವ ಭಯ ಬೇಕಿಲ್ಲ ಎಂಬುದು ಇದರ ಪಾಠ.

ಪದೇಪದೇ ‘ಲೋ’ ಆಗುತ್ತಿದ್ದರೆ ಇನ್ನೊಂದು ಅಪಾಯ ಬೆಳೆಯುತ್ತದೆ. ದೇಹ ಅದಕ್ಕೆ ಒಗ್ಗಿಕೊಂಡು ಬೆವರು, ನಡುಕಗಳ ಎಚ್ಚರಿಕೆ ಕೊಡುವುದನ್ನೇ ಬಿಡುತ್ತದೆ. ಮಗು 45ರಲ್ಲೂ ಆಡುತ್ತಿರುತ್ತದೆ, 40ಕ್ಕೆ ನೇರವಾಗಿ ಬಿದ್ದುಬಿಡುತ್ತದೆ. ‘ನಮ್ಮ ಮಗುವಿಗೆ 50 ಆದ್ರೂ ಏನೂ ಆಗಲ್ಲ’ ಎಂಬುದು ಹೆಮ್ಮೆಯ ಮಾತಲ್ಲ, ವೈದ್ಯರ ಬಳಿ ಓಡಬೇಕಾದ ಸೂಚನೆ. ಎರಡು ಮೂರು ವಾರ ‘ಲೋ’ ಆಗದಂತೆ ನೋಡಿಕೊಂಡರೆ ಎಚ್ಚರಿಕೆಯ ಲಕ್ಷಣಗಳು ಬಹುಮಟ್ಟಿಗೆ ಮರಳುತ್ತವೆ.

ಶಾಲೆ, ಸರ್ಕಾರ, ಊರು

ನಿಯಮಗಳ ಮಟ್ಟದಲ್ಲಿ ದೇಶ ಕೆಲವು ಹೆಜ್ಜೆ ಇಟ್ಟಿದೆ. 2017ರಲ್ಲಿ ಸಿಬಿಎಸ್‌ಇ ಮಂಡಳಿ ಮಧುಮೇಹವಿರುವ ವಿದ್ಯಾರ್ಥಿಗಳಿಗೆ ಪರೀಕ್ಷಾ ಕೊಠಡಿಗೆ ತಿನಿಸು, ನೀರು ಒಯ್ಯಲು ಅವಕಾಶ ಕೊಟ್ಟಿತು. 2022ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಟೈಪ್ 1 ಮಧುಮೇಹಕ್ಕೆಂದೇ ಮಾರ್ಗಸೂಚಿ ತಂದಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಈ ಮಕ್ಕಳು ತರಗತಿಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ಪಡೆಯಲು, ಬಿಡುವಿನ ತಿಂಡಿ ತಿನ್ನಲು ಶಾಲೆಗಳು ಅನುವು ಮಾಡಿಕೊಡಬೇಕೆಂದು ರಾಜ್ಯಗಳಿಗೆ ತಿಳಿಸಿತು. ಕೇರಳ 2018ರಿಂದ ‘ಮಿಠಾಯಿ’ ಯೋಜನೆಯಡಿ ಮಕ್ಕಳಿಗೆ ಉಚಿತವಾಗಿ ಇನ್ಸುಲಿನ್ ಮತ್ತು ಸಾಧನಗಳನ್ನು ಕೊಡುತ್ತಿದೆ. ಕರ್ನಾಟಕ ಕಣ್ಣೆದುರೇ ನೋಡಿ ಕಲಿಯಬಹುದಾದ ಮಾದರಿ ಅದು.

ಕೋಲಾರಕ್ಕೆ ಈ ವಿಷಯದಲ್ಲಿ ಒಂದು ಹಿನ್ನೆಲೆಯೂ ಇದೆ. 2010ರಲ್ಲಿ ಕೇಂದ್ರ ಸರ್ಕಾರ ಮಧುಮೇಹ, ಹೃದ್ರೋಗ, ಕ್ಯಾನ್ಸರ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದಾಗ ರಾಜ್ಯದ ಮೊದಲ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಆದರೆ ಆ ಕಾರ್ಯಕ್ರಮದ ತಪಾಸಣೆ ಮೂವತ್ತು ದಾಟಿದವರನ್ನು ಗುರಿಯಾಗಿಟ್ಟುಕೊಂಡದ್ದು. ಮಕ್ಕಳ ಮಧುಮೇಹ ಅದರ ಅಂಚಿನಲ್ಲೇ ಉಳಿಯಿತು. ಗಣಿಯಿದ್ದ ಕಾಲದಲ್ಲಿ ಚಾಂಪಿಯನ್ ರೀಫ್ಸ್‌ನ ಕಂಪನಿ ಆಸ್ಪತ್ರೆ ಕಾರ್ಮಿಕರ ಮನೆಮಂದಿಯನ್ನು ನಡೆದು ಹೋಗುವ ದೂರದಲ್ಲೇ ನೋಡಿಕೊಳ್ಳುತ್ತಿತ್ತು. ಈಗ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ವೈದ್ಯಕೀಯ ಕಾಲೇಜು ಇವೆ. ಮಕ್ಕಳ ಮಧುಮೇಹದ ತಜ್ಞರಿಗಾಗಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ ಹೋಗಬೇಕು. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ತಜ್ಞರನ್ನು ಕಾಣಲು ರೈಲು ಹತ್ತಬಹುದು. ‘ಲೋ’ ಬಂದಾಗ ಸಿಗುವ ಸಮಯ ನಿಮಿಷಗಳ ಲೆಕ್ಕದ್ದು. ಅದು ಊರಿನೊಳಗೇ ಬಗೆಹರಿಯಬೇಕು.

ಅದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ. ಮಗು ಓದುವ ಪ್ರತಿ ತರಗತಿಯ ಮೇಜಿನಲ್ಲಿ ಒಂದು ಗ್ಲೂಕೋಸ್ ಪೊಟ್ಟಣ, ಮಗುವಿನ ಲಕ್ಷಣ ಬರೆದ ಕಾರ್ಡು, ಮೂರು ಫೋನ್ ನಂಬರು. ವರ್ಷದ ಆರಂಭದಲ್ಲಿ ಶಿಕ್ಷಕರಿಗೆ, ಅಡುಗೆಯವರಿಗೆ, ಸಹಪಾಠಿಗಳಿಗೆ ಒಂದು ಗಂಟೆಯ ತಿಳಿವಳಿಕೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅಜ್ಜಿಯಿಂದಲೇ ಒಮ್ಮೆ ಮೀಟರ್ ಹಿಡಿಸಿ ಪರೀಕ್ಷೆ ಮಾಡಿಸುವುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಮಕ್ಕಳಿಗೆ ಸ್ಟ್ರಿಪ್, ಹೊಂದುವ ಸಿರಿಂಜ್, ಸಾಧ್ಯವಾದರೆ ಗ್ಲುಕಗಾನ್ ತಪ್ಪದೆ ಸಿಗುವಂತೆ ಮಾಡುವುದು.

ಇವೆಲ್ಲಕ್ಕೂ ಮೊದಲು ಕಾಯಿಲೆಯನ್ನು ಮುಚ್ಚಿಡುವುದು ನಿಲ್ಲಬೇಕು. ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಂದರೆ ಎಂದು, ಗಂಡುಮಗುವಾದರೆ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಶಾಲೆಗೂ ನೆಂಟರಿಗೂ ಹೇಳದ ತಂದೆತಾಯಿಗಳ ನೋವು ಅರ್ಥವಾಗುವಂಥದ್ದು. ಆದರೆ ಗೊತ್ತಿಲ್ಲದವರು ಗುರುತಿಸಲಾರರು. ಕಾಯಿಲೆಯ ವಿಷಯ ತಿಳಿದ ಮೇಷ್ಟ್ರು, ನೆರೆಯವರು, ಗೆಳೆಯರು ಎಷ್ಟು ಹೆಚ್ಚೋ ಮಗು ಅಷ್ಟು ಸುರಕ್ಷಿತ. ಆ ಮಗು ಮಂಕಾಗಿ ಕೂತದ್ದನ್ನು ಕಂಡ ಯಾರೇ ಆಗಲಿ ‘ಇದು ಲೋ ಇರಬಹುದಾ?’ ಎಂದು ಮೊದಲು ಕೇಳಿಕೊಂಡು, ಒಂದು ಚಮಚ ಸಕ್ಕರೆಗೆ ಕೈ ಚಾಚುವಷ್ಟು ತಿಳಿವಳಿಕೆ ಕೆಜಿಎಫ್‌ನ ಪ್ರತಿ ಲೈನಿನಲ್ಲೂ ಬಂಗಾರಪೇಟೆಯ ಪ್ರತಿ ಶಾಲೆಯಲ್ಲೂ ಬಂದರೆ, ತಜ್ಞರು ದೂರವಿದ್ದರೂ ಈ ಮಕ್ಕಳು ಉಳಿದವರಂತೆಯೇ ಓದಿ, ಆಡಿ, ಬೆಳೆಯಬಲ್ಲರು. ಅದನ್ನು ಈ ಶಾಲಾ ವರ್ಷದಲ್ಲೇ ಶುರುಮಾಡಬಹುದು.